ಸೀಟಿನ ಕೆಳಗಿನ ಜಾಗ

"ಕನ್ನಡಿ ಮಡಚ್ಲಾ, ಕನ್ನಡಿ," ಎಂದು ಪುಟ್ಟತಾಯಮ್ಮ ಜಗುಲಿಯಿಂದಲೇ ಹೇಳಿದಳು. ಸ್ಕೂಟರಿನ ಮುಂದಿನ ಅರ್ಧ ಗೇಟಿನೊಳಗೆ ಬಂದಿತ್ತು, ಹಿಂದಿನ ಅರ್ಧ ಇನ್ನೂ ರಸ್ತೆಯಲ್ಲಿತ್ತು. ಅವಳ ಮಗ ದೇವರಾಜ ಎಡಗಡೆಯ ಕನ್ನಡಿ ಮಡಚಿ ಮತ್ತೆ ತಳ್ಳಿದ. ಈಗ ಬಲಗಡೆಯ ಹಿಡಿ ಕಂಬಕ್ಕೆ ತಗುಲಿತು. ಹಿಂದಿನಿಂದ ತಳ್ಳುತ್ತಿದ್ದ ಮೊಮ್ಮಗಳು ಧನ್ಯಾ ತಳ್ಳುವುದನ್ನು ಬಿಟ್ಟು, ಗೇಟಿನ ಒಂದು ಬಾಗಿಲನ್ನೇ ಕೀಲಿನಿಂದ ಎತ್ತಿ ಗೋಡೆಗೆ ಒರಗಿಸಿದಳು. ಸ್ಕೂಟರು ಯಾರಿಗೂ ಏನೂ ಆಗಿಲ್ಲವೆಂಬಂತೆ ಒಳಗೆ ಬಂದು ನಿಂತಿತು.

ಹಿತ್ತಿಲ ಕೋಣೆಯಿಂದ ದೇವರಾಜನ ಹೆಂಡತಿ ಪುಷ್ಪಾವತಿ ಬಂದಳು. ಕೈಗಳಿಗೆ ಮೊಣಕೈವರೆಗೆ ಸುಣ್ಣದ ಪುಡಿ ಮೆತ್ತಿತ್ತು. ಸ್ಕೂಟರನ್ನು ನೋಡಿದಳು, ಅದರ ಹಿಂದಕ್ಕೆ ನೋಡಿದಳು, ರಸ್ತೆಗೆ ಬಗ್ಗಿ ಅಲ್ಲೇನಾದರೂ ಆಟೋ ನಿಂತಿದೆಯೇ ಎಂದು ನೋಡಿದಳು.

"ಮಿಶನ್ ಎಲ್ಲಿ?" ಎಂದು ಕೇಳಿದಳು.

ದೇವರಾಜ ಮಡಚಿದ್ದ ಕನ್ನಡಿಯನ್ನು ನಿಧಾನವಾಗಿ ಮತ್ತೆ ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿದ.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಅವರ ಮನೆ. ಹಿತ್ತಿಲ ಕೋಣೆ ರೇಷ್ಮೆಹುಳುಗಳದು. ಮೊಟ್ಟೆಯೊಡೆದು ಸಾಸಿವೆಗಿಂತ ಸಣ್ಣದಾಗಿ ಹೊರಬಂದ ಹುಳುಗಳನ್ನು ಪುಷ್ಪಾವತಿ ಅಲ್ಲಿ ಹತ್ತು ದಿನ ಸಾಕುತ್ತಾಳೆ. ಹುಳು ಮೇವು ಬಿಟ್ಟು, ಅಲುಗಾಡದೆ ಮಲಗಿ, ಚರ್ಮ ಬದಲಿಸಿಕೊಂಡು ಏಳುವುದಕ್ಕೆ ಜ್ವರ ಎನ್ನುತ್ತಾರೆ. ಎರಡನೆಯ ಜ್ವರಕ್ಕೆ ಮಲಗಿದ ಹುಳುಗಳನ್ನು ರೈತರ ಮನೆಗೆ ಒಪ್ಪಿಸುತ್ತಾಳೆ. ಚಾಕಿ ಕಟ್ಟುವುದು ಎಂದು ಇದರ ಹೆಸರು. ಹದಿನೈದು ವರ್ಷದಿಂದ ಚನ್ನರಾಯಪಟ್ಟಣದ ಕಡೆಗೂ ಕೊಣನೂರಿನ ಕಡೆಗೂ ಅವಳದೇ ಹುಳು. ಕೋಣೆಯಲ್ಲಿ ತೇವ ಆರಬಾರದು. ಅದಕ್ಕೆ ಗೋಡೆಯುದ್ದಕ್ಕೂ ಗೋಣಿಚೀಲ ಇಳಿಬಿಟ್ಟು ಮೂರು ಗಂಟೆಗೊಮ್ಮೆ ನೀರು ಎರಚುತ್ತಾಳೆ. ಆ ಕೆಲಸ ತಪ್ಪಿಸುವ ತೇವದ ಮಿಶನ್ ತರಲು ಗಂಡನನ್ನು ಹಾಸನಕ್ಕೆ ಕಳಿಸಿದ್ದಳು. ಆತ ಮಿಶನ್ನಿನ ಹಣದ ಜೊತೆ ಹಳೆಯ ಸ್ಕೂಟರನ್ನೂ ಅಲ್ಲೇ ಕೊಟ್ಟು ಇದನ್ನು ತಂದಿದ್ದ.

ಪುಟ್ಟತಾಯಮ್ಮ ಕೋಲು ಊರಿಕೊಂಡು ಸ್ಕೂಟರಿನ ಸುತ್ತ ಒಂದು ಸುತ್ತು ಬಂದಳು. "ಒಣಗಿದ ಒಗೆಸೊಪ್ಪಿನ ಬಣ್ಣ ಕಣ್ಲಾ ಇದು. ಉಳದ ಮನೆ ಮುಂದಕ್ಕೆ ಯಾರಾನ ಒಗೆಸೊಪ್ಪು ತಂದು ನಿಲ್ಲುಸ್ತಾರಾ?" ಎಂದಳು. ಹೊಗೆಸೊಪ್ಪಿನ ಗಾಳಿ ಹುಳುವಿಗೆ ಆಗದು. ಆಮೇಲೆ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬೆರಳು ಒಳಗಿಳಿದು ಮೆಲ್ಲಗೆ ಮೇಲೆದ್ದಿತು. ಇನ್ನೊಮ್ಮೆ ಒತ್ತಿದಳು.

ಪುಷ್ಪಾವತಿಗೆ ಮೊದಲು ಕಂಡದ್ದು ಬೇರೆ. ಹಳೆಯ ಸ್ಕೂಟರಿನಲ್ಲಿ ಕಾಲಿಡುವ ಜಾಗ ಚಪ್ಪಟೆಯಾಗಿತ್ತು. ತೋಟದಿಂದ ಕಡ್ಡಿಸೊಪ್ಪಿನ, ಅಂದರೆ ಹುಳು ಮೇಯುವ ಹಿಪ್ಪುನೇರಳೆಯ, ಮೂಟೆ ಅಲ್ಲೇ ಕೂತು ಬರುತ್ತಿತ್ತು. ಇದರಲ್ಲಿ ಎರಡು ಕಾಲುಗಳ ನಡುವೆ ಪೆಟ್ರೋಲ್ ಟ್ಯಾಂಕಿನ ದಿಂಡು ಎದ್ದು ನಿಂತಿತ್ತು. ಇನ್ನು ಸೊಪ್ಪು ಎಲ್ಲಿ ಕೂರುತ್ತದೆ ಎಂದು ಕೇಳಿದಳು. ಹಿಂದಿನ ಸೀಟಿಗೆ ಕಟ್ಟಿದರಾಯಿತು ಎಂದ ದೇವರಾಜ, ಆದರೆ ಸೊಪ್ಪಿನ ಹಾಲು ಸೀಟಿಗೆ ತಾಗದಂತೆ ಕೆಳಗೊಂದು ದುಪ್ಪಟಿ ಹಾಸಬೇಕು ಎಂದೂ ಸೇರಿಸಿದ.

"ಮನ್ಗಾಕೆ ನಂಗೆ ದುಪ್ಪಟಿ ಇಲ್ಲ, ಇದ್ಕೆ ದುಪ್ಪಟಿ," ಎಂದಳು. "ಆ ಮಿಶನ್ ಈ ಮನೆಗೆ ಬರೋವರ್ಗೂ ನಾನು ಇದರ ಮ್ಯಾಲೆ ಕುಂತ್ಕಳಾಕಿಲ್ಲ. ಈಗ್ಲೇ ಯೋಳಿವ್ನಿ."

ಪೂಜೆಯೂ ಮನೆಯಂಗಳದಲ್ಲಿ ಆಗಲಿಲ್ಲ. ಕರ್ಪೂರದ ಹೊಗೆ, ಊದುಬತ್ತಿಯ ವಾಸನೆ ಹುಳುವಿಗೆ ಆಗುವುದಿಲ್ಲ. ಸ್ಕೂಟರನ್ನು ಮತ್ತೆ ಕನ್ನಡಿ ಮಡಚಿ ಹೊರಗೆ ತಳ್ಳಿ, ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ, ಎದುರು ಸಾಲಿನ ಹುಣಿಸೆಮರದ ಕೆಳಗೆ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು.

ಮುಂದಿನ ಎರಡು ವಾರ ಊಟಕ್ಕೆ ಕೂತಾಗಲೆಲ್ಲ ದೇವರಾಜ ರಸ್ತೆಗಳನ್ನು ಬಡಿಸಿದ. ಮುದ್ದೆ ಮುರಿಯುತ್ತ ಚನ್ನರಾಯಪಟ್ಟಣದ ರಸ್ತೆ ಹೇಳಿದ, ಬಸ್ಸಾರು ಕಲಸುತ್ತ ಗೊರೂರಿನ ತಿರುವು ಹೇಳಿದ. ಮುಂದೆ ಗಾಜಿನ ಹಾಗಿರುವ ತಡೆಯಿದೆ, ಗಾಳಿ ಎದೆಗೆ ಬಡಿಯುವುದೇ ಇಲ್ಲ, ಅದರ ಅಂಚಿಗೆ ಬಂದು ಎರಡಾಗಿ ಹರಿದುಹೋಗುತ್ತದೆ. ಕಾಲನ್ನು ಮುಂದಕ್ಕೆ ಚಾಚಿ ಕೂರಬಹುದು, ಸೊಂಟಕ್ಕೆ ಒರಗು ಇದೆ. ಹಾಸನಕ್ಕೆ ಹೋಗಿ ಬಂದರೆ ಮೊದಲೆಲ್ಲ ಸೊಂಟ ಹಿಡಿಯುತ್ತಿತ್ತು, ಈಗ ಇನ್ನೊಮ್ಮೆ ಹೋಗೋಣ ಅನ್ನಿಸುತ್ತದೆ. ತೊಂಬತ್ತರಲ್ಲಿ ಲಾರಿ ಪಕ್ಕ ಹಾದುಹೋದರೂ ಗಾಡಿ ಓಲಾಡುವುದಿಲ್ಲ, ನೆಟ್ಟ ಕಲ್ಲಿನ ಹಾಗೆ ಇರುತ್ತದೆ. ಕೀಲಿಯನ್ನು ತೂರಿಸಬೇಕಾಗಿಲ್ಲ, ಅದು ಜೇಬಿನಲ್ಲಿದ್ದರೆ ಸಾಕು, ಗಾಡಿಗೆ ಗೊತ್ತಾಗುತ್ತದೆ.

ಮಗ ಹೇಳದೆ ಬಿಟ್ಟದ್ದನ್ನು ಮೊಮ್ಮಗಳಿಂದ ಪುಟ್ಟತಾಯಮ್ಮ ಕೇಳಿ ತಿಳಿದುಕೊಳ್ಳುತ್ತಿದ್ದಳು. ಧನ್ಯಾ ಹಾಸನದಲ್ಲಿ ಬಿಎಸ್ಸಿ ಓದುತ್ತಿದ್ದಳು. ಮೊದಲು ಏಳೂಕಾಲಿನ ಬಸ್ಸಿಗೆ ಓಡುತ್ತಿದ್ದವಳು ಈಗ ವಾರದಲ್ಲಿ ನಾಲ್ಕು ದಿನ ಅಪ್ಪನ ಹಿಂದೆ ಹೋಗುತ್ತಿದ್ದಳು. ಅಪ್ಪನಿಗೆ ಹಾಸನದಲ್ಲಿ ದಿನವೂ ಏನಾದರೊಂದು ಕೆಲಸ ಹುಟ್ಟುತ್ತಿತ್ತು. ಅಪ್ಪ ಕುಳ್ಳ, ಸಿಗ್ನಲ್ಲಿನಲ್ಲಿ ಕಾಲ ಬೆರಳ ತುದಿ ಮಾತ್ರ ನೆಲಕ್ಕೆ ಎಟುಕುತ್ತದೆ, ಹಿಂದಕ್ಕೆ ತೆಗೆಯಬೇಕಾದರೆ ಇಳಿದು ತಳ್ಳುತ್ತಾನೆ, ಪೇಟೆ ಬೀದಿಯ ತಿರುವಿನಲ್ಲಿ ತರಕಾರಿಯವರು ಗಾಡಿಗೆ ದಾರಿ ಬಿಡಲು ಸೊಪ್ಪಿನ ಕಟ್ಟು ಎತ್ತಿಕೊಳ್ಳುತ್ತಾರೆ ಎಂದು ಅವಳು ವರದಿ ಕೊಟ್ಟಳು. ಆದರೆ ಸುತ್ತುದಾರಿಯಲ್ಲಿ ಹೋಗಿ, ಶಾಂತಿಗ್ರಾಮದ ಟೋಲ್ ದಾಟಿದ ಮೇಲೆ ಅಪ್ಪ ಗಾಡಿಯನ್ನು ಅವಳ ಕೈಗೆ ಕೊಟ್ಟ ದಿನದ ಮಾತು ಬಂದಾಗ ತಮಾಷೆ ನಿಲ್ಲಿಸಿದಳು.

"ನಿಂತಾಗ ಭಾರ ಅಜ್ಜಿ. ಹೊರಟಮೇಲೆ ಭಾರ ಎಲ್ಲಿಗ್ಹೋಗತ್ತೋ ಗೊತ್ತಾಗಲ್ಲ. ನಾನು ತಿರುಗಿಸ್ಬೇಕು ಅನ್ಕೊಳೋ ಅಷ್ಟರಲ್ಲಿ ತಿರುಗಿರತ್ತೆ."

"ಸೊಪ್ಪಿನ ಮೂಟೆ ಒತ್ಕೊಂಡು ಬಾ, ಭಾರ ಎಲ್ಲಿಗೋಗತ್ತೆ ಅಂತ ನಾನು ತೋರುಸ್ತೀನಿ," ಎಂದು ಪುಷ್ಪಾವತಿ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ದೇವರಾಜನಿಗೆ ಎಲ್ಲಕ್ಕಿಂತ ಹೆಮ್ಮೆಯಿದ್ದದ್ದು ಸೀಟಿನ ಕೆಳಗಿನ ಜಾಗದ ಮೇಲೆ. ಗುಂಡಿ ಒತ್ತಿದರೆ ಸೀಟು ತಾನಾಗಿ ಏಳುತ್ತಿತ್ತು, ಒಳಗೊಂದು ಸಣ್ಣ ದೀಪ ಹತ್ತುತ್ತಿತ್ತು. ಎರಡು ಹೆಲ್ಮೆಟ್ ಹಿಡಿಯುವಷ್ಟು ಆಳದ ಜಾಗ. ಬಂದವರಿಗೆಲ್ಲ ಅದನ್ನು ತೆರೆದು ತೋರಿಸುತ್ತಿದ್ದ. ಒಂದು ಸಂಜೆ ಹುಳು ಸಾಗಿಸುವ ಬಿದಿರಿನ ಬುಟ್ಟಿಯನ್ನು ತಂದು ಒಳಗಿಟ್ಟು ನೋಡಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಕೊಣನೂರಿನ ಹತ್ತಿರದ ಮಂಚಯ್ಯನಿಗೆ ಗುರುವಾರ ಐವತ್ತು ಮೊಟ್ಟೆಯ ಹುಳು ಒಪ್ಪಿಸಬೇಕಿತ್ತು. ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಗಳೆಲ್ಲ ಸೇರಿ ಇವರ ಲೆಕ್ಕಕ್ಕೆ ಒಂದು ಮೊಟ್ಟೆ. ಮಂಚಯ್ಯನ ಮಾತು ಎಂದರೆ ಆ ಸುತ್ತಿನ ಎಂಟು ಮನೆಗಳ ಮಾತು. ಅವನು ಯಾರ ಹತ್ತಿರ ಹುಳು ತರುತ್ತಾನೋ ಉಳಿದ ಏಳು ಮನೆಯವರೂ ಅವರ ಹತ್ತಿರವೇ ತರುತ್ತಾರೆ. ಅವನ ಮನೆಗೆ ಪುಷ್ಪಾವತಿ ಯಾವಾಗಲೂ ತಾನೇ ಹೋಗುತ್ತಿದ್ದಳು. ಬಾಡಿಗೆ ಆಟೋದಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹೋಗಿ, ಅವನ ತಟ್ಟೆಗೆ ಮೊದಲ ಹಿಡಿ ಹುಳುವನ್ನು ತನ್ನ ಕೈಯಿಂದ ಬಿಟ್ಟು ಬರುತ್ತಿದ್ದಳು. ಅವಳ ಕೈಗುಣಕ್ಕೆ ಗೂಡು ದಪ್ಪ ಬರುತ್ತದೆ ಎಂದು ಮಂಚಯ್ಯ ನಂಬಿದ್ದ.

ಗುರುವಾರ ಬೆಳಿಗ್ಗೆ ಆಟೋ ಬರಲಿಲ್ಲ. ಬರಬೇಡವೆಂದು ದೇವರಾಜ ಹಿಂದಿನ ದಿನವೇ ಹೇಳಿಬಿಟ್ಟಿದ್ದ. ಮನೆಯಲ್ಲೇ ಇಂಥ ಗಾಡಿ ಇರುವಾಗ ಆಟೋ ಯಾಕೆ, ನೀನು ಹಿಂದೆ ಕೂತರೆ ನಲವತ್ತು ನಿಮಿಷಕ್ಕೆ ಅರಕಲಗೂಡು, ಇನ್ನಿಪ್ಪತ್ತಕ್ಕೆ ಕೊಣನೂರು ಎಂದ. ಪುಷ್ಪಾವತಿ ಬುಟ್ಟಿಯನ್ನು ಜಗುಲಿಯ ಮೇಲಿಟ್ಟು, ಯಾರನ್ನು ಕೇಳಿ ಬೇಡ ಅಂದಿರಿ ಎಂದು ಶುರುಮಾಡಿದಳು. ಮಾತು ಆಟೋದಿಂದ ಮಿಶನ್‌ಗೆ, ಮಿಶನ್‌ನಿಂದ ದುಪ್ಪಟಿಗೆ, ದುಪ್ಪಟಿಯಿಂದ ಮದುವೆಯಾದ ಹೊಸದರ ಯಾವುದೋ ಬಸ್ ಪ್ರಯಾಣಕ್ಕೆ ಹೋಯಿತು. ಬಿಸಿಲು ಏರುತ್ತಿದೆ ಎಂದು ಪುಟ್ಟತಾಯಮ್ಮ ಎರಡು ಸಲ ಹೇಳಿದಳು.

"ನಿಮ್ಮ ಗಾಡಿ, ನೀವೇ ಇಟ್ಕಂಡೋಗಿ," ಎಂದಳು ಪುಷ್ಪಾವತಿ ಕೊನೆಗೆ. "ನಾನು ಬರಾಕಿಲ್ಲ ಅಂದ್ರೆ ಬರಾಕಿಲ್ಲ."

ಹೇಳಿ ಒಳಗೆ ಹೋದಳು. ದೇವರಾಜ ಸೀಟು ಎತ್ತಿ, ಒದ್ದೆ ಬಟ್ಟೆ ಹಾಸಿ, ಬುಟ್ಟಿ ಇಳಿಸಿ, ಸೀಟು ಮುಚ್ಚಿದ. ಅದು ಟಕ್ಕೆಂದು ಕೂತಿತು.

ಅರಕಲಗೂಡಿನಲ್ಲಿ ಟೀ ಅಂಗಡಿಯ ಮುಂದೆ ಪರಿಚಯದವರು ಕೈ ಮಾಡಿದರು. ನಿಲ್ಲಿಸಿದ. ಅವರು ಕೂತು ನೋಡಿದರು, ಎಂಜಿನ್ನಿನ ಶಬ್ದ ಕೇಳಿಸು ಎಂದರು, ಕೇಳಿಸಿದ. ಅರ್ಧ ಗಂಟೆ ಹೋಯಿತು. ಮಂಚಯ್ಯನ ಮನೆಯಂಗಳದಲ್ಲಿ ಸೀಟು ಎತ್ತಿದಾಗ ಬುಟ್ಟಿಯ ತಳ ಆಗತಾನೆ ಇಡ್ಲಿ ಇಳಿಸಿದ ಬಟ್ಟೆಯಂತೆ ಬೆಚ್ಚಗಿತ್ತು. ದೇವರಾಜ ಕಾಗದ ಸರಿಸಿ ನೋಡಿದ. ಹುಳುಗಳು ಮಲಗಿದ್ದವು. ಜ್ವರಕ್ಕೆ ಮಲಗಿದ ಹುಳು ಅಲುಗಾಡುವುದಿಲ್ಲ. ಬೆಂದ ಹುಳುವೂ ಅಲುಗಾಡುವುದಿಲ್ಲ. ಅವನು ಕಾಗದ ಮುಚ್ಚಿ ಬುಟ್ಟಿ ಕೊಟ್ಟ. ಪುಷ್ಪಮ್ಮ ಬರಲಿಲ್ಲವೇ ಎಂದು ಮಂಚಯ್ಯ ಕೇಳಿದ. ಅವಳಿಗೆ ಕೆಲಸವಿತ್ತು ಎಂದ.

ಶುಕ್ರವಾರ ಮಧ್ಯಾಹ್ನ ಮಂಚಯ್ಯನ ಫೋನು ಬಂತು. ಹುಳು ಇನ್ನೂ ಎದ್ದಿಲ್ಲ. ಸಂಜೆಯವರೆಗೆ ಕಾಯಿರಿ, ತಂಪು ಹೆಚ್ಚಾದರೆ ತಡವಾಗುವುದುಂಟು ಎಂದು ಪುಷ್ಪಾವತಿ ಹೇಳಿದಳು. ಸಂಜೆ ಅವನೇ ಮತ್ತೆ ಮಾಡಿದ. "ವಾಸ್ನೆ ಬತ್ತಾ ಅದೆ ಕಣವ್ವ," ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಅದೇ ದಿನದ ಮೊಟ್ಟೆಯ ಹುಳು ಚನ್ನರಾಯಪಟ್ಟಣದ ಕಡೆಗೂ ಹೋಗಿತ್ತು. ಅಲ್ಲಿ ಎದ್ದು ಮೇಯುತ್ತಿದ್ದವು. ಹಾಗಾದರೆ ತನ್ನ ಕೋಣೆಯ ಯಾವುದೋ ಒಂದು ಮೂಲೆಯಲ್ಲಿ ರೋಗ ಹೊಕ್ಕಿದೆ ಎಂದು ಪುಷ್ಪಾವತಿ ತೀರ್ಮಾನಿಸಿದಳು. ಶನಿವಾರದಿಂದ ಸೋಮವಾರದವರೆಗೆ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಗೋಡೆ ಉಜ್ಜಿದಳು, ನೆಲ ಉಜ್ಜಿದಳು, ಎಪ್ಪತ್ತು ತಟ್ಟೆಗಳನ್ನು ಒಂದೊಂದಾಗಿ ತೊಳೆದು ಬಿಸಿಲಿಗಿಟ್ಟಳು. ಬೆರಳ ಸಂದು ಬಿರಿದವು. ಮುದ್ದೆ ಮುರಿಯಲಾಗದೆ ಅನ್ನ ಉಂಡಳು, ಅದನ್ನೂ ಚಮಚದಲ್ಲಿ.

ದೇವರಾಜ ಹಾಸನಕ್ಕೆ ಹೋಗಲಿಲ್ಲ. ಬೋರಿನಿಂದ ಕೋಣೆಗೆ ಬಿಂದಿಗೆ ಬಿಂದಿಗೆ ನೀರು ಹೊತ್ತ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹೇಳದೆ ಅವನು ನೀರು ಹೊತ್ತದ್ದನ್ನು ಪುಟ್ಟತಾಯಮ್ಮ ಕಂಡಿರಲಿಲ್ಲ. ಜಗುಲಿಯಲ್ಲಿ ಅವರೆಕಾಳು ಸುಲಿಯುತ್ತ ಅವನು ಓಡಾಡುವುದನ್ನು ಎಣಿಸುವವಳಂತೆ ನೋಡುತ್ತಿದ್ದಳು.

ಬುಧವಾರ ಅವಳಿಗೆ ಹಾಸನದಲ್ಲಿ ಕಣ್ಣು ತೋರಿಸುವುದಿತ್ತು. ಬಸ್ಸು ಬೇಡ, ಆ ಎಮ್ಮೆಯ ಮೇಲೇ ಹೋಗೋಣ ಎಂದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಸ್ಕೂಟರು ತಂದು ನಿಲ್ಲಿಸಿದರು. ಕಲ್ಲಿನ ಮೇಲೆ ಹತ್ತಿ, ಅಲ್ಲಿಂದ ಸೀಟಿಗೆ ಜಾರಿ, ಸೆರಗು ಬಿಗಿದು, ಕೋಲನ್ನು ಮಗನ ಬೆನ್ನಿಗೂ ತನ್ನ ಹೊಟ್ಟೆಗೂ ನಡುವೆ ಅಡ್ಡ ಇಟ್ಟುಕೊಂಡಳು. ಊರು ದಾಟುವವರೆಗೆ ಕಣ್ಣು ಮುಚ್ಚಿದ್ದಳು. ಆಮೇಲೆ ತೆರೆದಳು. ಹಸಿರು ಗದ್ದೆ, ಹೊಳೆ, ಜೋಳದ ಹೊಲ ಎಲ್ಲವೂ ತಾನು ಜಗುಲಿಯಲ್ಲಿ ಕೂತಷ್ಟೇ ಎತ್ತರದಿಂದ ಕಾಣುತ್ತಿದ್ದವು, ಜಗುಲಿಯೇ ಎದ್ದು ಹೊರಟಂತಿತ್ತು. ಉಬ್ಬು ಬಂದಾಗ ಮಗ ನಿಧಾನ ಮಾಡಿದ. ಗಾಡಿ ಮುಂದಿನ ಕಾಲೆತ್ತಿ, ಹಿಂದಿನ ಕಾಲೆತ್ತಿ, ಹದವಾಗಿ ದಾಟಿತು. "ಬಸ್ಸು ಇಂಗೆ ದಾಟಿದ್ರೆ ನನ್ನ ಅಲ್ಲು ಉಳೀತಿದ್ವು," ಎಂದಳು. ಹಾಸನದಲ್ಲಿ ಕಣ್ಣಿನ ಡಾಕ್ಟರರು ಹೇಗೆ ಬಂದಿರಿ ಅಜ್ಜಿ ಎಂದು ಕೇಳಿದ್ದಕ್ಕೆ ಗಾಡಿಯ ಬಗ್ಗೆ ಐದು ನಿಮಿಷ ಹೇಳಿದಳಂತೆ.

ಬರುವಾಗ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಒಂದು ಕಟ್ಟು ವೀಳ್ಯದೆಲೆ ತೆಗೆದುಕೊಂಡು, ಬಿಸಿಲಿಗೆ ಬಾಡದಿರಲಿ ಎಂದು ಸೀಟಿನ ಕೆಳಗೆ ಇಡಿಸಿದಳು. ಮನೆಗೆ ಬಂದು ತೆಗೆದಾಗ ಎಲೆಗಳು ಬೇಯಿಸಿದ ಸೊಪ್ಪಿನಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಪುಟ್ಟತಾಯಮ್ಮ ಗುಂಡಿಯೊಳಗೆ ಕೈ ಇಳಿಸಿ ತಳವನ್ನು ಮುಟ್ಟಿದಳು, ಕೈ ತೆಗೆದಳು.

ಊಟಕ್ಕೆ ಕೂತಾಗ ಮಗನ ತಟ್ಟೆಗೆ ಆ ಕಪ್ಪಾದ ಎಲೆಯ ಕಟ್ಟನ್ನು ಇಟ್ಟಳು.

"ಅವತ್ತು ಉಳದ ಬುಟ್ಟೀನ ಎಲ್ಲಿ ಇಟ್ಟಿದ್ದೆ?"

ದೇವರಾಜ ಎಲೆಗಳನ್ನೇ ನೋಡುತ್ತಿದ್ದ. ಸಾರಿನ ಪಾತ್ರೆ ಹಿಡಿದು ಬಂದ ಪುಷ್ಪಾವತಿ ಬಾಗಿಲಲ್ಲೇ ನಿಂತಳು. ಅವನು ಹೇಳಿದ. ಸೀಟಿನ ಕೆಳಗೆ ಇಟ್ಟದ್ದು, ಅರಕಲಗೂಡಿನಲ್ಲಿ ನಿಂತದ್ದು, ಬುಟ್ಟಿ ಬೆಚ್ಚಗಿದ್ದದ್ದು. ಎಲ್ಲವನ್ನೂ ತಟ್ಟೆಗೆ ಹೇಳಿದ.

"ಮೂರು ದಿವ್ಸ ಉಜ್ಜಿದೆ," ಎಂದಳು ಪುಷ್ಪಾವತಿ. "ನೀವು ನೀರು ತಂದುಕೊಟ್ರಿ."

ಅಷ್ಟು ಹೇಳಿ ಸಾರು ಬಡಿಸಿದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಧನ್ಯಾಗೆ ಅನ್ನಿಸಿತು. ದೇವರಾಜನಿಗೂ ಅನ್ನಿಸಿರಬೇಕು, ಅವನು ತಲೆ ಎತ್ತಿ ಕಾದ. ಅವಳು ಕೂಗಾಡಲಿಲ್ಲ. ಊಟ ಮುಗಿಸಿ, ಅವನನ್ನು ಒಬ್ಬನನ್ನೇ ಕಳಿಸಿದವಳು ನಾನಲ್ಲವೇ ಎಂದು ಅತ್ತೆಯ ಹತ್ತಿರ ಒಂದು ಸಲ ಕೇಳಿದಳು. ಹೂಂ, ನೀನೇ ಎಂದಳು ಪುಟ್ಟತಾಯಮ್ಮ.

ಮರುದಿನದಿಂದ ಸ್ಕೂಟರು ಟಾರ್ಪಾಲಿನ ಕೆಳಗೆ ನಿಂತಿತು. ದೇವರಾಜ ಬಸ್ಸಿನಲ್ಲಿ ಓಡಾಡಿದ, ಧನ್ಯಾ ಏಳೂಕಾಲಿಗೆ ಓಡಿದಳು. ಅದನ್ನು ಮಾರಿಬಿಡುತ್ತೇನೆ ಎಂದು ಅವನು ಒಂದು ಸಲ ಊಟದಲ್ಲಿ, ಒಂದು ಸಲ ತೋಟದಲ್ಲಿ ಹೇಳಿದ. ಕೊಳ್ಳುವವರನ್ನು ಹುಡುಕಲು ಮಾತ್ರ ಹೋಗಲಿಲ್ಲ. ಊಟದ ಹೊತ್ತಿಗೆ ಈಗ ರಸ್ತೆಗಳಿರಲಿಲ್ಲ, ಬರೀ ಸಾರು ಇತ್ತು. ಈ ಮನೆ ಇಷ್ಟು ಸಪ್ಪೆಯೆಂದು ತನಗೆ ಮೊದಲು ಗೊತ್ತಿರಲಿಲ್ಲ ಎಂದಳು ಪುಟ್ಟತಾಯಮ್ಮ.

ಕೊಣನೂರಿನ ಎಂಟು ಮನೆಗಳಲ್ಲಿ ಮೂರು ಮನೆಯವರು ಈ ಸಲ ಹುಳು ಬೇಡವೆಂದು ಫೋನು ಮಾಡಿದರು. ಉಳಿದವರು ಮಾಡಲೇ ಇಲ್ಲ, ಅದೂ ಅದೇ ಅರ್ಥ. ಚಾಕಿ ಕೋಣೆ ನಡೆಯುತ್ತಿದ್ದುದರಲ್ಲಿ ಅರ್ಧ ಆ ಎಂಟು ಮನೆಗಳಿಂದ. ಪುಷ್ಪಾವತಿ ಮಂಚಯ್ಯನಿಗೆ ಫೋನು ಮಾಡಿ ನಡೆದದ್ದನ್ನು ನಡೆದಂತೆ ಹೇಳಿದಳು. ರೋಗವಲ್ಲ, ಕಾವು. ಕೋಣೆಯದಲ್ಲ, ಗಾಡಿಯದು. ತಪ್ಪು ನಮ್ಮದು, ಇನ್ನೊಂದು ಸಲ ಹುಳು ತಂದು ಒಪ್ಪಿಸುತ್ತೇನೆ ಎಂದಳು. ಆ ಕಡೆಯಿಂದ ಕೋಳಿ ಕೂಗುವುದು ಕೇಳಿಸುತ್ತಿತ್ತು. ತಂದು ತೋರಿಸು, ಕಣ್ಣಲ್ಲಿ ನೋಡಿ ಹೇಳುತ್ತೇನೆ ಎಂದ ಮಂಚಯ್ಯ.

ಕಣ್ಣಲ್ಲಿ ನೋಡುವುದೆಂದರೆ ಮಲಗಿದ ಹುಳು ಒಯ್ದು ಪ್ರಯೋಜನವಿಲ್ಲ. ಎದ್ದು ಮೇಯುವ ಹುಳುವನ್ನೇ ಒಯ್ಯಬೇಕು. ಹಾಗೆ ಒಯ್ಯುವುದು ಕಷ್ಟ. ಜ್ವರದಿಂದ ಎದ್ದ ಹುಳು ಹಸಿದಿರುತ್ತದೆ, ಚರ್ಮ ಎಳಸು, ಗಾಳಿ ಬಡಿಯಬಾರದು, ಕುಲುಕಬಾರದು, ದಾರಿಯಲ್ಲಿ ಹೊತ್ತು ಕಳೆಯಬಾರದು. ಪುಷ್ಪಾವತಿ ಅದುವರೆಗೆ ಹಾಗೆ ಒಯ್ದಿರಲಿಲ್ಲ.

ಹೊಸ ಮೊಟ್ಟೆ ಬಂದವು. ಹನ್ನೊಂದು ದಿನ ಮನೆಯೆಲ್ಲ ಆ ಒಂದು ಕೋಣೆಯ ಸುತ್ತ ನಡೆಯಿತು. ದೇವರಾಜ ಇಬ್ಬನಿ ಆರುವ ಮೊದಲೇ ಸೊಪ್ಪು ಬಿಡಿಸಿ ತಲೆಯ ಮೇಲೆ ಹೊತ್ತು ತಂದ. ಪುಟ್ಟತಾಯಮ್ಮ ಮಣೆಯ ಮೇಲೆ ಕೂತು ಎಲೆಯನ್ನು ನೂಲಿನಷ್ಟು ಸಣ್ಣಗೆ ಹೆಚ್ಚಿದಳು. ಧನ್ಯಾ ಕಾಲೇಜಿನಿಂದ ಬಂದು ಗೋಣಿಚೀಲಕ್ಕೆ ನೀರು ಎರಚಿದಳು. ಈ ಮನೆಯಲ್ಲಿ ಮಿಶನ್ ಇದೆ, ಅದಕ್ಕೆ ಕರೆಂಟು ಬೇಡ, ಬಿಎಸ್ಸಿ ಓದಿಸಿದರೆ ಸಾಕು ಎಂದು ಅವಳು ಗೊಣಗಿದ್ದಕ್ಕೆ ಪುಷ್ಪಾವತಿ ಬಹಳ ದಿನದ ಮೇಲೆ ನಕ್ಕಳು.

ಹನ್ನೆರಡನೆಯ ಬೆಳಿಗ್ಗೆ ಹುಳುಗಳು ಎದ್ದವು. ಆಟೋದವನಿಗೆ ಫೋನು ಮಾಡಿದರೆ ಶಾಲೆಯ ಮಕ್ಕಳನ್ನು ಬಿಟ್ಟು ಒಂಬತ್ತಕ್ಕೆ ಬರುತ್ತೇನೆ ಎಂದ. ಒಂಬತ್ತಕ್ಕೆ ಹೊರಟರೆ ಬಿಸಿಲು. ಬಸ್ಸಿನಲ್ಲಿ ಬೀಡಿ ಹೊಗೆಯೋ, ತಲೆಗೆ ಹಚ್ಚಿದ ಎಣ್ಣೆಯೋ, ಯಾವುದು ತಗಲುತ್ತದೋ ಹೇಳಲಾಗದು. ಪುಷ್ಪಾವತಿ ಅಂಗಳಕ್ಕೆ ಬಂದು ಟಾರ್ಪಾಲನ್ನು ಎಳೆದು ಹಾಕಿದಳು.

"ಮಿಶನ್ ಇನ್ನೂ ಬಂದಿಲ್ಲ ಅಲ್ವಾ ಅಮ್ಮ," ಎಂದಳು ಧನ್ಯಾ.

"ಬುಟ್ಟಿ ಇಡ್ಕೊ," ಎಂದಳು ಪುಷ್ಪಾವತಿ.

ಒಗೆಯುವ ಕಲ್ಲು ಹತ್ತಲಿಲ್ಲ. ಒಂದು ಕೈಯಿಂದ ಗಂಡನ ಹೆಗಲು ಹಿಡಿದು ಒಂದೇ ಸಲಕ್ಕೆ ಹತ್ತಿ ಕೂತಳು. ಧನ್ಯಾ ಬುಟ್ಟಿಯನ್ನು ಮಡಿಲಿಗೆ ಕೊಟ್ಟು, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿದಳು.

ಮೊದಲ ಎರಡು ಮೈಲಿ ಪುಷ್ಪಾವತಿ ರಸ್ತೆ ನೋಡಲಿಲ್ಲ. ಬುಟ್ಟಿಯ ಮೇಲಿನ ಬಟ್ಟೆಯನ್ನೇ ನೋಡುತ್ತಿದ್ದಳು. ಆಟೋದಲ್ಲಿ ಆ ಬಟ್ಟೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಮೂಲೆಗಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕಾಗುತ್ತಿತ್ತು. ಇಲ್ಲಿ ಅದರ ಅಂಚು ಕೂಡ ಏಳಲಿಲ್ಲ. ಗಾಳಿಯನ್ನು ಮುಂದಿನ ತಡೆ ಸೀಳಿ, ಉಳಿದದ್ದನ್ನು ಗಂಡನ ಬೆನ್ನು ತಡೆದು, ಅವಳ ಹತ್ತಿರ ಬರುವಾಗ ಗಾಳಿಯೇ ಇರಲಿಲ್ಲ. ಅವಳು ಬುಟ್ಟಿಯ ಕೆಳಗೆ ಕೈ ಇಟ್ಟು ಅದುರು ಹುಡುಕಿದಳು. ಅದುರು ಇತ್ತು, ಆದರೆ ಬಹಳ ಕೆಳಗೆ ಇತ್ತು, ಕೂತ ಬೆಕ್ಕಿನ ಹೊಟ್ಟೆಯಲ್ಲಿ ಇರುವಷ್ಟು. ತಿರುವುಗಳಲ್ಲಿ ಗಾಡಿ ಮಲಗಿ ಎದ್ದಿತು, ಬುಟ್ಟಿ ಅದರ ಜೊತೆಗೇ ಮಲಗಿ ಜೊತೆಗೇ ಎದ್ದಿತು, ಒಂದು ಎಲೆಯೂ ಜಾರಲಿಲ್ಲ. ಸೊಂಟದ ಹಿಂದೆ ಏನೋ ಒತ್ತುತ್ತಿದೆ ಎಂದು ತಿರುಗಿ ನೋಡಿದಳು. ಒರಗು. ಒರಗಿದಳು.

ಬೈಕಿನವನೊಬ್ಬ ಜೊತೆಗೆ ಬಂದು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ ಹಿಂದೆ ಉಳಿದ. ಅವನು ಹಿಂದೆ ಉಳಿದದ್ದು ಅವಳಿಗೆ ಹಿಡಿಸಿತು. ದೇವರಾಜ ಐವತ್ತನ್ನು ದಾಟಿಸಲೇ ಇಲ್ಲ. ಮೈಲಿಗೊಂದು ಸಲ ಕನ್ನಡಿಯಲ್ಲಿ ಅವಳ ಮುಖ ನೋಡುತ್ತಿದ್ದ.

"ಎತ್ತಿನ ಗಾಡಿನಾ ಇದು," ಎಂದಳು. "ಇನ್ನೊಂಚೂರು ಜೋರಾಗೋಗಿ. ಅಸ್ಕೊಂಡವೆ."

ಅವನು ಹಿಡಿ ತಿರುಗಿಸಿದ. ಎಂಜಿನ್ನಿನ ಶಬ್ದ ಏರಲಿಲ್ಲ, ದಪ್ಪವಾಯಿತು. ಸಾಲುಮರಗಳು ಹತ್ತಿರ ಹತ್ತಿರ ಆದವು. ಒಂದು ಮುಂಜಾವಿನಲ್ಲಿ ಇಷ್ಟು ದೂರ ಇಷ್ಟು ಸದ್ದಿಲ್ಲದೆ ಹೋಗಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರು, ಎರಡು ವಾರ ಊಟದ ಹೊತ್ತಿನಲ್ಲೆಲ್ಲ ಹೇಳಿದ್ದರು, ಅವಳು ಕೇಳಿಸಿಕೊಂಡಿರಲಿಲ್ಲ.

ಅರಕಲಗೂಡಿನ ಟೀ ಅಂಗಡಿಯಿಂದ ಯಾರೋ ಕೈ ಮಾಡಿದರು. ದೇವರಾಜ ನೋಡದವನಂತೆ ದಾಟಿದ. ಅಲ್ಲಿಂದ ಮುಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳಿರುವ ಊರುಗಳು. ಅದು ಅದರ ಕಾಲ, ಒಲೆಗಳು ಉರಿಯುತ್ತಿದ್ದವು, ಹೊಗೆಸೊಪ್ಪಿನ ಗಾಳಿ ಎಳೆಹುಳುವಿಗೆ ವಿಷ. ಪುಷ್ಪಾವತಿ ಬಾಯಿ ತೆರೆಯುವ ಮೊದಲೇ ಅವನು ಎಡಕ್ಕೆ ತಿರುಗಿ ನಾಲೆಯ ಏರಿಯ ದಾರಿ ಹಿಡಿದ. ಅದು ಸುತ್ತು, ಮಣ್ಣು ರಸ್ತೆ. ಅಲ್ಲಿ ಗಾಡಿಯ ಸೊಗಸು ಸ್ವಲ್ಪ ಮುಕ್ಕಾಯಿತು. ಸಣ್ಣ ಚಕ್ರಗಳು ಹಳ್ಳಗಳಿಗೆ ಇಳಿದಾಗ ಸೀಟು ಕೆಳಗಿಂದ ಗುದ್ದಿತು. ಅವಳು ಬುಟ್ಟಿಯನ್ನು ತೊಡೆಯಿಂದ ಎತ್ತಿ ಎರಡು ಕೈಯಲ್ಲಿ ತೂಗಿ ಹಿಡಿದಳು. ಅವನು ಇಳಿದು ನಡೆಯುವವನಷ್ಟು ನಿಧಾನವಾಗಿ, ಹಳ್ಳ ಹಳ್ಳವನ್ನೂ ನೋಡಿ ದಾಟಿಸಿದ. ಗುದ್ದಿದ್ದೆಲ್ಲ ಅವಳ ಸೊಂಟಕ್ಕಾಯಿತು, ಹುಳುವಿಗಾಗಲಿಲ್ಲ.

ಮಂಚಯ್ಯನ ಅಂಗಳದಲ್ಲಿ ಅವನ ಹೆಂಡತಿ ಲಕ್ಕಮ್ಮ ನೀರು ಕೊಟ್ಟಳು. ಮಂಚಯ್ಯ ಹುಳುಮನೆಯ ಬಾಗಿಲು ತೆಗೆದ. ಪುಷ್ಪಾವತಿ ಕಾಲು ತೊಳೆದು ಒಳಗೆ ಹೋಗಿ, ಮೊದಲ ಹಿಡಿಯನ್ನು ತನ್ನ ಕೈಯಿಂದ ತಟ್ಟೆಗೆ ಬಿಟ್ಟಳು, ಉಳಿದದ್ದನ್ನು ಕೋಳಿಪುಕ್ಕದಿಂದ ಮೆಲ್ಲಗೆ ಇಳಿಸಿ ಹರಡಿದಳು. ಹೆಚ್ಚಿದ ಸೊಪ್ಪು ಉದುರಿಸಿದಳು. ದೇವರಾಜ ಒಳಗೆ ಬರಲಿಲ್ಲ, ಯಾರೂ ಕರೆಯಲಿಲ್ಲ. ಮಂಚಯ್ಯ ತಟ್ಟೆಯ ಮೇಲೆ ಬಗ್ಗಿ ನಿಂತ. ಸ್ವಲ್ಪ ಹೊತ್ತಿಗೆ ಹಸಿರು ಚೂರುಗಳ ಮೇಲೆಲ್ಲ ಬೂದು ಗೆರೆಗಳು ಹತ್ತಿಬಂದವು. ಎಲೆಯ ಅಂಚುಗಳು ಕಾಣುತ್ತ ಕಾಣುತ್ತ ಸವೆದವು.

ಲಕ್ಕಮ್ಮ ಕಾಫಿ ತಂದಳು. ಎಲ್ಲರೂ ಅಂಗಳಕ್ಕೆ ಬಂದರು. ಕಾಫಿ ಕುಡಿಯುತ್ತ ಮಂಚಯ್ಯ ಸ್ಕೂಟರಿನ ಹತ್ತಿರ ಹೋದ. ಎಷ್ಟು ಕೊಡುತ್ತದೆ ಎಂದು ಕೇಳಿದ, ಚಕ್ರ ಒತ್ತಿ ನೋಡಿದ, ಲೋಟವನ್ನು ಹೆಂಡತಿಯ ಕೈಗೆ ಕೊಟ್ಟು ಹತ್ತಿ ಕೂತ. ಕಾಲು ಚಾಚಿದ. ಕುರ್ಚಿ ಇದ್ದಂಗದೆ ಎಂದ. ಲಕ್ಕಮ್ಮ ನಕ್ಕು, ಇಳಿರಿ, ನಿಮಗಿಂತ ಅದೇ ಚೆಂದಾಗದೆ ಎಂದಳು. ಮಂಚಯ್ಯ ಇಳಿಯಲಿಲ್ಲ. ಅಲ್ಲಿ ಕೂತೇ, ಹುಳು ಚೆನ್ನಾಗಿದೆ ಎಂದ. ಎಂಟು ಮನೆಗೂ ತಾನೇ ಹೇಳುತ್ತೇನೆ, ಮುಂದಿನ ಮೊಟ್ಟೆಗೆ ಎಲ್ಲರದೂ ಬರೆದುಕೋ ಎಂದ.

"ಒಂದು ಮಾತು," ಎಂದು ಹಿಡಿಯ ಮೇಲಿನ ಧೂಳು ಒರೆಸಿದ. "ಇನ್ಮ್ಯಾಕೆ ನಿನ್ನ ಗಂಡನ ಕೈಗೆ ಉಳ ಕೊಡಬ್ಯಾಡ. ನನ್ ಮಗ ರಜನೀಶನ ವ್ಯಾನು ವಾರ್‌ವಾರ ನರಸೀಪುರಕ್ಕೆ ಬತ್ತದೆ. ಅವ್ನೇ ಬಂದು ತಗಂಡೋಯ್ತಾನೆ. ನಿಂಗೂ ಬರೋ ತ್ರಾಸಿಲ್ಲ, ನಮ್ಗೂ ಧೈರ್ಯ. ಎಂಟು ಮನೇದೂ ಅಂಗೇ ಮಾಡಾನ."

ದೇವರಾಜ ಬೇಲಿಯ ಹತ್ತಿರ ನಿಂತಿದ್ದ. ಕಾಫಿಯ ಲೋಟವನ್ನು ಕಲ್ಲಿನ ಮೇಲಿಟ್ಟು, "ಅದೇ ಸರಿ ಬುಡಿ ಮಂಚಣ್ಣ, ಅಂಗೇ ಮಾಡಿ," ಎಂದ.

ಪುಷ್ಪಾವತಿ ಖಾಲಿ ಬುಟ್ಟಿಯಲ್ಲಿ ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು. ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು.

"ಆಗಾಕಿಲ್ಲ ಮಂಚಣ್ಣ," ಎಂದಳು. "ವ್ಯಾನ್‌ಗೆ ಒಂದು ಉಳಾನೂ ಕೊಡಲ್ಲ. ನಾನು ಮಡ್ಲಲ್ಲಿ ಇಟ್ಕತೀನಿ, ಇವ್ರು ಓಡುಸ್ತಾರೆ. ಅಂಗೆ ಬೇಕಿದ್ರೆ ಬೇಕು ಅನ್ನು. ಇಲ್ಲಾಂದ್ರೆ ಎಂಟು ಮನೇದೂ ಬ್ಯಾಡ."